ಗರಗಸದ ಹಕ್ಕಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರವರೆಲ್ಲ ಹೇಳುತ್ತಾರೆ. ಇರಬಹುದು, ನಾನೇನೂ ಇಲ್ಲವೆನ್ನುವುದಿಲ್ಲ. ಆದರೆ ಅವರೂ ಒಂದು ಸಲ ತಮ್ಮ ಸ್ವಂತ ಷೆಡ್ಡಿನೊಳಗೆ, ತಮ್ಮದೇ ಗರಗಸದ ಪಕ್ಕದಲ್ಲಿ, ಹತ್ತು ಹನ್ನೆರಡು ದಿನ ತುದಿಗಾಲಲ್ಲಿ ಓಡಾಡಿ ನೋಡಲಿ. ಆಮೇಲೆ ಮಾತಾಡೋಣ.

ನಾನು ಬಡಗಿ. ಮನೆಯ ಹಿಂದೆ ತಗಡಿನ ಷೆಡ್ಡು, ಅದರೊಳಗೆ ಕಬ್ಬಿಣದ ಮೇಜು, ಮೇಜಿನ ನಡುವೆ ಎದ್ದು ನಿಂತ ದುಂಡು ಗರಗಸ, ಅದನ್ನು ತಿರುಗಿಸುವ ಮೋಟರು, ಎರಡರ ನಡುವೆ ಒಂದು ಅಗಲವಾದ ರಬ್ಬರ್ ಬೆಲ್ಟು. ನಮ್ಮಪ್ಪನ ಕಾಲದಲ್ಲಿ ಕರೆಂಟು ಇರಲಿಲ್ಲ. ಹೊರಗೆ ಎಣ್ಣೆ ಇಂಜಿನ್ನು ಇಟ್ಟು, ಗೋಡೆಯಲ್ಲಿ ತೂತು ಕೊರೆದು, ಅದರಿಂದ ಬೆಲ್ಟು ಒಳಗೆ ತಂದಿದ್ದರು. ಇಂಜಿನ್ನು ಗುಜರಿಗೆ ಹೋಯಿತು, ತೂತು ಉಳಿಯಿತು. ನಾಳೆ ಮುಚ್ಚೋಣ, ನಾಳೆ ಮುಚ್ಚೋಣ ಎಂದುಕೊಂಡೇ ಮೂವತ್ತು ವರ್ಷ ಕಳೆದೆ. ಆ ಒಂದು ಹಿಡಿ ಸಿಮೆಂಟಿನ ಸೋಮಾರಿತನಕ್ಕೆ ನಾನು ಕೊಟ್ಟ ಬೆಲೆ ಇದೆಯಲ್ಲ, ಅದೇ ಈ ಕತೆ.

ಹೋದ ವರ್ಷ ಆ ತೂತಿನಲ್ಲಿ ಒಂದು ಜೋಡಿ ಹಕ್ಕಿ ಗೂಡು ಕಟ್ಟಿತು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇರಬಹುದು. ಬೂದಿ ಬಣ್ಣ, ಬಾಲದ ಬುಡದಲ್ಲಿ ಕಿತ್ತಳೆ ಪಟ್ಟೆ. ಕೂತಲ್ಲಿ ಕೂರದೆ ಬಾಲ ಕುಣಿಸುತ್ತಲೇ ಇರುತ್ತಿತ್ತು. ನನಗೂ ಅದಕ್ಕೂ ಯಾವ ತಕರಾರೂ ಇರಲಿಲ್ಲ. ನಾನು ಗರಗಸ ಹಾಕಿದರೆ ಅದು ಜಂತಿಯ ಮೇಲೆ ಬಂದು ಕೂರುತ್ತಿತ್ತು, ಗರಗಸ ನಿಲ್ಲಿಸಿದ ಕೂಡಲೇ ಮೇಜಿನ ಮೇಲೆ ಇಳಿಯುತ್ತಿತ್ತು.

ಯಾಕೆ ಇಳಿಯುತ್ತಿತ್ತು ಎಂಬುದು ನನಗೆ ಎರಡನೇ ದಿನವೇ ಗೊತ್ತಾಯಿತು. ಹಳೆಯ ಗೋದಾಮೊಂದನ್ನು ಕೆಡವಿದ ತೊಲೆಗಳನ್ನು ನಾನು ತಂದು ರಾಶಿ ಹಾಕಿದ್ದೆ. ಒಳಗಿನ ತಿರುಳು ಕಲ್ಲಿನಂತಿದ್ದರೂ ಹೊರಗಿನ ಎರಡು ಬೆರಳು ದಪ್ಪಕ್ಕೆ ಕೊರೆಹುಳು ಹತ್ತಿತ್ತು. ಆ ಹೊರಮೈಯನ್ನು ಸೀಳಿ ತೆಗೆದರೆ ಮೇಜಿನ ಮೇಲೆ ಹೊಟ್ಟಿನ ಜೊತೆ ಬಿಳಿ ಬಿಳಿ ಹುಳುಗಳು ಉದುರುತ್ತಿದ್ದವು. ಹಕ್ಕಿ ಒಂದೊಂದನ್ನೇ ಕಚ್ಚಿಕೊಂಡು ತೂತಿಗೆ ಓಡುತ್ತಿತ್ತು. ನನಗೂ ಕೆಲಸ, ಅದಕ್ಕೂ ಊಟ. ಇಬ್ಬರೂ ಒಂದೇ ಮರವನ್ನು ನಂಬಿದವರು.

ಆ ತೊಲೆಗಳು ಶಾಲೆಯ ಬೆಂಚುಗಳಿಗೆ. ಅರವತ್ತು ಬೆಂಚು. ಶಾಲೆ ತೆರೆಯುವ ದಿನಕ್ಕೆ ಕೊಡಬೇಕೆಂದು ಹೆಡ್‌ಮೇಷ್ಟ್ರು ಹೇಳಿದ್ದರು. ಪಕ್ಕದ ಪೇಟೆಯಲ್ಲಿ ದೊಡ್ಡ ಮರದ ಡಿಪೋ ಆದ ಮೇಲೆ ನನ್ನ ಷೆಡ್ಡಿಗೆ ಬರುತ್ತಿದ್ದದ್ದು ಮುರಿದ ಕುರ್ಚಿ, ಕಿತ್ತ ಕಿಟಕಿ ಮಾತ್ರ. ಇಷ್ಟು ದೊಡ್ಡ ಕೆಲಸ ಬಂದು ಆರು ವರ್ಷವಾಗಿತ್ತು. ಇದು ಸರಿಯಾಗಿ ಮುಗಿದರೆ ಉಳಿದ ಶಾಲೆಗಳ ಕೆಲಸವೂ ನಿನಗೇ ಎಂದು ಮೇಷ್ಟ್ರು ಬಾಯಿಬಿಟ್ಟು ಹೇಳಿದ್ದರು. ಮುಗಿಯದಿದ್ದರೆ ಷೆಡ್ಡಿಗೆ ಬೀಗ ಹಾಕುವುದೇ ಎಂದು ನಾನೂ ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ಇನ್ನು ದುರ್ಬೀನಿನ ವಿಷಯ ಹೇಳಬೇಕು. ಅವನು ಅಂಚೆ ಕಚೇರಿಯಿಂದ ನಿವೃತ್ತನಾದ ಗುಮಾಸ್ತ. ಕುತ್ತಿಗೆಯಲ್ಲಿ ಸದಾ ದುರ್ಬೀನು ನೇತಾಡುವುದರಿಂದ ಅದೇ ಹೆಸರು ನಿಂತಿತು. ನಾಲ್ಕು ವರ್ಷದ ಹಿಂದೆ ನಮ್ಮ ಕೆರೆಗೆ ಯಾವುದೋ ಅಪರೂಪದ ಹಕ್ಕಿ ಬರುತ್ತದೆಂದು ಹೊರಗಿನವರಿಗೆ ತಿಳಿಸಿದವನು ಅವನೇ. ಅಲ್ಲಿಂದ ಕ್ಯಾಮೆರಾದವರು ಬರತೊಡಗಿದರು. ಒಬ್ಬ ಲಾಡ್ಜು ಕಟ್ಟಿದ. ನನ್ನ ಹೆಂಡತಿಯ ತಮ್ಮ ಹಳೇ ಜೀಪು ಕೊಂಡ. ನಿಂತುಹೋಗಿದ್ದ ಬಸ್ಸು ಮತ್ತೆ ಶುರುವಾಯಿತು. ನನ್ನ ಹೆಂಡತಿ ಕೆರೆ ದಂಡೆಯಲ್ಲಿ ಚಹಾ, ಬೇಯಿಸಿದ ಮೊಟ್ಟೆ ಮಾರತೊಡಗಿದಳು. ಸುಳ್ಳು ಯಾಕೆ ಹೇಳಲಿ, ಈ ನಾಲ್ಕು ವರ್ಷ ನಮ್ಮ ಮನೆಯ ಒಲೆ ಉರಿದದ್ದು ನನ್ನ ಗರಗಸಕ್ಕಿಂತ ಹೆಚ್ಚಾಗಿ ಅವಳ ಕೆಟಲ್ಲಿನಿಂದ. ಅದನ್ನು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೂ ನಿಜ ನಿಜವೇ.

ದುರ್ಬೀನು ಒಂದು ಸ್ಟೂಲಿನ ಕಾಲು ರಿಪೇರಿಗೆಂದು ಬಂದವನು ಜಂತಿಯ ಕಡೆ ನೋಡಿ ಹಾಗೇ ನಿಂತುಬಿಟ್ಟ. ಸ್ಟೂಲು ಕೈಯಿಂದ ಜಾರಿ ಬಿತ್ತು.

"ಇದು ಇಲ್ಲಿ ಗೂಡು ಕಟ್ಟೋ ಹಕ್ಕಿನೇ ಅಲ್ಲ ಮಾರಾಯ!" ಎಂದ. "ಈ ಕಡೆ ಎಲ್ಲೂ ಇದರ ಗೂಡು ಯಾರೂ ನೋಡಿಲ್ಲ. ಗೊತ್ತಾ ನಿಂಗೆ?"

"ನಾನು ದಿನಾ ನೋಡ್ತಿದೀನಿ" ಎಂದೆ. "ಸ್ಟೂಲು ನಾಳೆ ತಗೊಂಡು ಹೋಗು."

ಸ್ಟೂಲು ತೆಗೆದುಕೊಂಡು ಹೋಗಲು ಅವನು ಬರಲೇ ಇಲ್ಲ. ಬಂದದ್ದು ಹನ್ನೊಂದು ಜನ ಕ್ಯಾಮೆರಾದವರು. ಎರಡನೇ ದಿನ ಇಪ್ಪತ್ತು. ನನ್ನ ಭಾವಮೈದುನನ ಜೀಪು ಲಾಡ್ಜಿಗೂ ನಮ್ಮ ಹಿತ್ತಲಿಗೂ ಬುಗುರಿಯಂತೆ ತಿರುಗತೊಡಗಿತು. ಷೆಡ್ಡಿನ ಬಾಗಿಲಲ್ಲಿ ಮೂರು ಕಾಲಿನ ಸ್ಟ್ಯಾಂಡುಗಳ ಕಾಡು. ನಾನು ಹಲಗೆ ಹೊತ್ತು ತಂದರೆ "ಶ್!" ಎನ್ನುತ್ತಾರೆ. ನನ್ನ ಷೆಡ್ಡಿನಲ್ಲಿ ನನಗೇ ಶ್! ಗರಗಸ ಹಾಕಿದರೆ ಇಪ್ಪತ್ತು ತಲೆ ಒಟ್ಟಿಗೆ ತಿರುಗಿ, ಕೊಲೆ ಮಾಡಿದವನನ್ನು ನೋಡುವ ಹಾಗೆ ನನ್ನನ್ನು ನೋಡುತ್ತವೆ.

ಮೂರನೇ ದಿನ ಬೆಳಿಗ್ಗೆ ಲಾಡ್ಜಿನ ಯಜಮಾನ, ದುರ್ಬೀನು, ನನ್ನ ಭಾವಮೈದುನ ಮೂವರೂ ನಮ್ಮ ಅಡುಗೆಮನೆಗೆ ಬಂದು ಕೂತರು. ಯಜಮಾನ ಒಳ್ಳೆಯ ಮಾತುಗಾರ, ಬಟ್ಟೆಗೆ ಇಸ್ತ್ರಿ ಹಾಕಿದಂತೆ ಮಾತಿಗೂ ಹಾಕುತ್ತಾನೆ.

"ಮರಿ ಹಾರೋವರೆಗೂ, ಮೂರೇ ವಾರ, ಗರಗಸ ನಿಲ್ಸಿ" ಎಂದ. "ಸದ್ದಿಗೆ ಹೆದರಿ ಹಕ್ಕಿ ಗೂಡು ಬಿಟ್ರೆ ಊರಿಗೇ ನಷ್ಟ. ಲಾಡ್ಜಲ್ಲಿ ಒಂದು ರೂಮೂ ಖಾಲಿ ಇಲ್ಲ ಈಗ. ಆಮೇಲೆ ನನ್ನ ಹೊಸ ರೂಮಿನ ಮಂಚ ಎಲ್ಲ ನಿಮಗೇ ಕೊಡ್ತೀನಿ."

"ಸದ್ದಿಗೆ ಹೆದರೋ ಹಕ್ಕಿ ಗರಗಸದ ತಲೆ ಮೇಲೆ ಯಾಕೆ ಗೂಡು ಕಟ್ಟತ್ತೆ ಸ್ವಾಮಿ?" ಎಂದೆ. "ಅದು ಬಂದಿರೋದೇ ನಾನು ಮರ ಕುಯ್ತೀನಿ ಅಂತ. ಮರದೊಳಗಿನ ಹುಳ ಅದಕ್ಕೆ ಬೇಕು. ನಾನು ನಿಲ್ಸಿದ್ರೆ ಮರಿಗೆ ಏನು ತಿನ್ಸತ್ತೆ?"

ದುರ್ಬೀನು ಚಿಕ್ಕ ಮಗುವಿಗೆ ಹೇಳುವಂತೆ ನಕ್ಕ. "ಇದು ಹಾರೋ ಹುಳ ಹಿಡಿಯೋ ಹಕ್ಕಿ. ಪುಸ್ತಕದಲ್ಲೇ ಇದೆ. ಕೆರೆ ಕಡೆ ಬೇಕಾದಷ್ಟು ಹುಳ ಇದೆ."

"ಪುಸ್ತಕ ಬರೆದೋನು ನಮ್ಮ ಷೆಡ್ಡಿಗೆ ಬಂದಿದ್ನಾ?"

"ಭಾವ, ಸ್ವಲ್ಪ ಸುಮ್ನಿರಿ" ಎಂದ ಭಾವಮೈದುನ. ಅವನ ಜೀಪು ಆ ಮೂರು ದಿನದಲ್ಲಿ ಮೂರು ತಿಂಗಳ ಓಡಾಟ ಓಡಿತ್ತು. ಅವನಿಗೆ ನಾನು ಸುಮ್ಮನಿದ್ದರೇ ಚೆನ್ನ.

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಒಲೆಯ ಮುಂದೆ ಮೊಟ್ಟೆಯ ಪಾತ್ರೆ ಇಳಿಸುತ್ತಿದ್ದಳು. ಹುಳುವಿನ ವಿಷಯ ಅವಳಿಗೆ ಮೊದಲೇ ಹೇಳಿದ್ದೆ. ಅವಳೊಬ್ಬಳು ಹೌದು ಎಂದಿದ್ದರೆ ನಾನು ಆ ಮೂವರನ್ನೂ ಬಾಗಿಲ ತನಕ ಬಿಟ್ಟು ಬರುತ್ತಿದ್ದೆ.

"ಮೂರು ವಾರ ತಾನೆ" ಎಂದಳು. "ಇಷ್ಟು ಜನ ಒಂದೇ ಮಾತು ಹೇಳ್ತಿರೋವಾಗ ನಿಮ್ಮದೊಂದು ಹಟ ಯಾಕೆ? ಬೆಂಚು ಆಮೇಲೆ ಮಾಡಿದ್ರಾಯ್ತು. ಹಲಗೆಗೆ ರಂದ ಹೊಡೆದು ನುಣುಪು ಮಾಡೋದು, ಕೆತ್ತೋದು ಕೈಯಲ್ಲೇ ಮಾಡಿ."

ನಾನು ಮಾಡಿದ ತಪ್ಪು ಅಲ್ಲಿದೆ. ಸುಮ್ಮನೆ ಆಗಲಿ ಎಂದಿದ್ದರೆ ಸಾಕಿತ್ತು, ಬೇಕಾದಾಗ ಸ್ವಿಚ್ಚು ಒತ್ತಬಹುದಿತ್ತು. ಆದರೆ ಕೋಪ ಬಂದಾಗ ನನಗೆ ದೊಡ್ಡವನಂತೆ ಆಡುವ ಚಟ. "ನನ್ನ ಮಾತಿನ ಮೇಲೆ ನಂಬಿಕೆ ಇಲ್ದಿದ್ರೆ ಇದನ್ನೇ ತಗೊಂಡು ಹೋಗಿ" ಎಂದು ಷೆಡ್ಡಿಗೆ ಹೋಗಿ, ಮೋಟರಿನಿಂದ ಬೆಲ್ಟು ಬಿಚ್ಚಿ, ಸುತ್ತಿ, ಯಜಮಾನನ ಕೈಗೆ ಕೊಟ್ಟೆ. ಬಡಗಿಯಾದವನು ಗರಗಸದ ಬೆಲ್ಟನ್ನು ಬೇರೆಯವರ ಕೈಗೆ ಕೊಡಬಾರದು. ಅವನು ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಥ್ಯಾಂಕ್ಸ್ ಹೇಳಿ ಜೀಪಿನಲ್ಲಿ ಹಾಕಿಕೊಂಡು ಹೋದ.

ಮೊದಲ ನಾಲ್ಕು ದಿನ ಏನೂ ತೊಂದರೆ ಕಾಣಲಿಲ್ಲ. ಮೇಜಿನ ಕೆಳಗೆ ಬಿದ್ದಿದ್ದ ಹಳೆ ಹೊಟ್ಟಿನ ರಾಶಿಯನ್ನು ಹಕ್ಕಿ ಕೆದಕುತ್ತಿತ್ತು. ಅಷ್ಟರಲ್ಲಿ ಯಜಮಾನ ಷೆಡ್ಡನ್ನು ಚೊಕ್ಕ ಮಾಡಿಸಿದ. ಹೊಟ್ಟು ಹಾರಿ ಕ್ಯಾಮೆರಾಕ್ಕೆ ಧೂಳು ಬೀಳುತ್ತದೆ ಎಂದು ಯಾರೋ ಹೇಳಿದ್ದರಂತೆ. ನಾನು ಪೇಟೆಗೆ ಮೊಳೆ ತರಲು ಹೋಗಿ ಬರುವುದರೊಳಗೆ ಎರಡು ಗಾಡಿ ಹೊಟ್ಟು ಎತ್ತಿಸಿ, ನೀರು ಚಿಮುಕಿಸಿ, ನೆಲಕ್ಕೆ ಚಾಪೆ ಹಾಸಿದ್ದರು. ಹುಳ ಹತ್ತಿದ ಹೊರಮೈ ಸೀಳುಗಳನ್ನು ಲಾಡ್ಜಿನ ನೀರು ಕಾಯಿಸುವ ಒಲೆಗೆ ಹೊತ್ತುಕೊಂಡು ಹೋಗಿದ್ದರು.

ಮರುದಿನದಿಂದ ಮರಿಗಳ ಕೂಗು ಜಾಸ್ತಿಯಾಯಿತು. ಕ್ಯಾಮೆರಾದವರಿಗೆ ಸಂತೋಷವೋ ಸಂತೋಷ. "ಎಷ್ಟು ಚುರುಕಾಗಿವೆ ನೋಡಿ!" ಎಂದು ಒಬ್ಬಳು ಕೈ ಎದೆಗೆ ಇಟ್ಟುಕೊಂಡಳು. ಹಸಿದ ಮರಿಯ ಕೂಗಿಗೂ ಚುರುಕಾದ ಮರಿಯ ಕೂಗಿಗೂ ವ್ಯತ್ಯಾಸ ತಿಳಿಯಲು ಪುಸ್ತಕ ಬೇಕಾಗಿಲ್ಲ, ಒಂದು ಮಗು ಸಾಕಿದ್ದರೆ ಸಾಕು. ಹಕ್ಕಿ ಖಾಲಿ ಮೇಜಿನ ಮೇಲೆ ಇಳಿಯುತ್ತಿತ್ತು, ಈ ತುದಿಯಿಂದ ಆ ತುದಿಗೆ ಕುಪ್ಪಳಿಸುತ್ತಿತ್ತು, ಗರಗಸದ ಹಲ್ಲಿನ ಹತ್ತಿರ ನಿಂತು ನನ್ನ ಕಡೆ ನೋಡುತ್ತಿತ್ತು. ಕೆರೆ ಕಡೆ ಹಾರಿ ಹೋದರೆ ಎಷ್ಟೋ ಹೊತ್ತಿಗೆ ಒಂದು ಸೊಳ್ಳೆಯಂಥದನ್ನು ತರುತ್ತಿತ್ತು. ಅದು ನನ್ನನ್ನು ಕೇಳುತ್ತಿತ್ತು, ನಾನು ಕೈಕಟ್ಟಿ ಕೂತಿದ್ದೆ.

ಲಾಡ್ಜಿಗೆ ಹೋದೆ. "ಬೆಲ್ಟು ಕೊಡಿ" ಎಂದೆ. ಬಾಗಿಲಲ್ಲಿ ಕೂತಿದ್ದ ಮ್ಯಾನೇಜರು, ಕಪಾಟಿನ ಬೀಗದ ಕೈ ಯಜಮಾನರ ಹತ್ತಿರ ಇದೆ, ಅವರು ಅತಿಥಿಗಳನ್ನು ಕರೆತರಲು ಹೋಗಿದ್ದಾರೆ, ಬರಲು ಮೂರು ದಿನವಾಗುತ್ತದೆ ಎಂದ. ಕಪಾಟಿನ ಗಾಜಿನೊಳಗೆ ನನ್ನ ಬೆಲ್ಟು ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಚೀಟಿಯ ಮೇಲೆ ಚೆನ್ನಾದ ಅಕ್ಷರದಲ್ಲಿ ಬರೆದಿದ್ದರು: ಹಕ್ಕಿಗಾಗಿ ತನ್ನ ಕೆಲಸವನ್ನೇ ನಿಲ್ಲಿಸಿದ ಬಡಗಿಯ ಕೊಡುಗೆ. ಅತಿಥಿಗಳು ಅದರ ಫೋಟೋ ತೆಗೆದುಕೊಳ್ಳುತ್ತಾರಂತೆ. ಆ ಗಾಜಿಗೆ ಒಂದು ಗುದ್ದು ಕೊಡದೆ ಹೇಗೆ ಹೊರಗೆ ಬಂದೆನೋ ನನಗೇ ಗೊತ್ತಿಲ್ಲ.

ಮನೆಗೆ ಬಂದು ಕೊಡಲಿ ತೆಗೆದುಕೊಂಡೆ. ರಾಶಿಯಿಂದ ಒಂದು ತೊಲೆ ಎಳೆದು ಹೊರಮೈ ಸೀಳಿದೆ. ಒಂದು ಡಬ್ಬಿಯ ಮುಚ್ಚಳದ ತುಂಬ ಹುಳ ಸಿಕ್ಕಿದವು. ಮೇಜಿನ ಮೇಲಿಟ್ಟರೆ ಕಸವೆಂದು ಗುಡಿಸಿಬಿಡುತ್ತಾರೆಂದು ಮುಚ್ಚಳ ಹಿಡಿದು, ಸ್ಟೂಲಿನ ಮೇಲೆ ಹತ್ತಿ, ಗೂಡಿನ ಪಕ್ಕದ ಜಂತಿಯ ಮೇಲೆ ಇಡಲು ಕೈ ಚಾಚಿದೆ. ಅದು ದುರ್ಬೀನಿನ ಸ್ಟೂಲು, ಕಾಲು ರಿಪೇರಿ ಆಗಿರಲಿಲ್ಲ. ಸ್ಟೂಲು ವಾಲಿತು, ಮುಚ್ಚಳ ಮಗುಚಿತು, ನಾನು ಕೆಳಗೆ, ಹುಳಗಳು ನನ್ನ ತಲೆಯ ಮೇಲೆ. ಬಾಗಿಲಲ್ಲಿ ಇಪ್ಪತ್ತು ಜನ ಕಿರುಚಿದರು.

"ಗೂಡಿಗೆ ಕೈ ಹಾಕ್ತಿದಾನೆ!"

ದುರ್ಬೀನು ಓಡಿ ಬಂದು ನನ್ನ ರಟ್ಟೆ ಹಿಡಿದ. "ನಿನಗೆ ಇಷ್ಟು ಹೊಟ್ಟೆಕಿಚ್ಚು ಇದೆ ಅಂತ ನಾನು ತಿಳ್ಕೊಂಡಿರ್ಲಿಲ್ಲ" ಎಂದ. "ಊರು ನಾಲ್ಕು ಕಾಸು ನೋಡಿದ್ರೆ ನಿಂಗೆ ಸಹಿಸೋಕಾಗಲ್ಲ ಅಲ್ವಾ?"

ನನ್ನ ಕೂದಲಿಂದ ಒಂದು ಹುಳ ತೆಗೆದು ಅವನ ಮೂಗಿನ ಮುಂದೆ ಹಿಡಿದೆ. "ಇದು ನೋಡು. ಇದೇ ಅದರ ಊಟ. ಇದನ್ನೇ ಹೇಳ್ತಿದೀನಿ ಒಂದು ವಾರದಿಂದ." ಅವನು ಮುಖ ಹಿಂದೆ ತೆಗೆದುಕೊಂಡ. ಅಂದಿನಿಂದ ಷೆಡ್ಡಿನ ಬಾಗಿಲಿಗೆ ಹಗ್ಗ ಕಟ್ಟಿದರು. ನಾನು ಹಗ್ಗದ ಹೊರಗೆ.

ಬೆಲ್ಟು ಕೊಟ್ಟ ಎಂಟನೇ ದಿನ ತೂತಿನ ಕೂಗು ಸಣ್ಣಗಾಯಿತು, ಒಂಬತ್ತನೇ ದಿನ ನಿಂತಿತು. ದೊಡ್ಡ ಹಕ್ಕಿಗಳು ಒಂದು ಬೆಳಿಗ್ಗೆ ಇದ್ದವು, ಮಧ್ಯಾಹ್ನಕ್ಕೆ ಇರಲಿಲ್ಲ. ನಾಲ್ಕು ಮರಿ. ನಾನೇ ತೆಗೆದು ಹಿತ್ತಲ ಮೂಲೆಯಲ್ಲಿ ಮಣ್ಣು ಮಾಡಿದೆ. ನಾಲ್ಕೂ ಸೇರಿ ನನ್ನ ಉಳಿಯ ಹಿಡಿಯಷ್ಟು ಭಾರವೂ ಇರಲಿಲ್ಲ.

ಬಡಗಿ ಗೂಡಿಗೆ ಕೈ ಹಾಕಿದ್ದಕ್ಕೇ ತಾಯಿ ಬಿಟ್ಟು ಹೋಯಿತು ಎಂದು ಊರು ತೀರ್ಮಾನ ಮಾಡಿತು. ಕಾಯ್ದಿರಿಸಿದ್ದ ರೂಮುಗಳು ರದ್ದಾದವು. ಭಾವಮೈದುನ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಹೆಂಡತಿ ಏನೂ ಅನ್ನಲಿಲ್ಲ. ಅನ್ನದೆ ಇರುವುದರಲ್ಲೂ ಒಂದು ಬಗೆ ಇದೆ, ಸಂಸಾರ ಮಾಡಿದವರಿಗೆ ಗೊತ್ತು. ಮೊಟ್ಟೆ ಸುಲಿಯುವಾಗ ಸಿಪ್ಪೆಯನ್ನು ಚಟಚಟ ಎಂದು ಒಡೆಯುತ್ತಿದ್ದಳು, ಅಷ್ಟೆ.

ಹೆಡ್‌ಮೇಷ್ಟ್ರು ಬಂದದ್ದು ಆ ವಾರದಲ್ಲೇ. ಹಿಂದಿನ ವಾರ ಮಕ್ಕಳನ್ನು ಸಾಲಾಗಿ ಕರೆತಂದು ಹಕ್ಕಿ ತೋರಿಸಿ ಹೋದವರು ಅವರೇ. ಆಗ ಬೆಂಚಿನ ಮಾತೇ ಎತ್ತಿರಲಿಲ್ಲ.

"ಎಷ್ಟಾಯ್ತು?" ಎಂದರು.

"ಹದಿನಾಲ್ಕು. ಬೆಲ್ಟು ಇವತ್ತು ವಾಪಸ್ ಬಂತು. ಇನ್ನು ಹದಿನೈದು ದಿನ ಕೊಡಿ ಸರ್, ಹಗಲೂ ರಾತ್ರಿ ಕೂತು ಮುಗಿಸ್ತೀನಿ."

"ಶಾಲೆ ತೆರೆಯೋಕೆ ಆರು ದಿನ ಇದೆ. ಮಕ್ಕಳನ್ನ ನೆಲದ ಮೇಲೆ ಕೂರಿಸ್ಲಾ?" ಎಂದವರು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು. "ನೀವೇ ಒಪ್ಪಿ ಬೆಲ್ಟು ಕೊಟ್ರಂತೆ. ಯಾರೂ ಕಿತ್ಕೊಂಡಿಲ್ಲವಂತೆ."

ನಲವತ್ತಾರು ಬೆಂಚು ಪೇಟೆಯ ಡಿಪೋಗೆ ಹೋದವು, ಉಳಿದ ಶಾಲೆಗಳ ಕೆಲಸವೂ ಅವುಗಳ ಹಿಂದೆಯೇ ಹೋಯಿತು. ನಾನು ತೊಲೆಗಳನ್ನೂ ಅದೇ ಡಿಪೋಗೆ ಮಾರಿದೆ. ಲಾಡ್ಜಿನ ಮಂಚಗಳು ಕಬ್ಬಿಣದವು ಬಂದವು. ಮಳೆಗಾಲ ಮುಗಿಯುವ ಹೊತ್ತಿಗೆ ಷೆಡ್ಡಿಗೆ ಬೀಗ ಹಾಕಿ, ಆ ಡಿಪೋದಲ್ಲೇ ದಿನಗೂಲಿಗೆ ಗರಗಸದ ಮುಂದೆ ನಿಂತೆ. ಅಲ್ಲಿ ನನಗೆ ಬಂದ ಮೊದಲ ಕೆಲಸ ನನ್ನವೇ ಕೆಲವು ತೊಲೆಗಳನ್ನು ಸೀಳುವುದು.

ಈ ವರ್ಷ ಡಿಪೋದ ಗೋಡೆಯಲ್ಲಿ, ಹಳೇ ಫ್ಯಾನು ಕಿತ್ತ ಜಾಗದ ತೂತಿನಲ್ಲಿ, ಬೂದಿ ಬಣ್ಣದ ಒಂದು ಜೋಡಿ ಬಂದು ಗೂಡು ಕಟ್ಟಿತು.

ಅವೇ ಹಕ್ಕಿಗಳೋ ಬೇರೆಯವೋ ನನಗೆ ತಿಳಿಯದು. ನಾನು ಯಾರಿಗೂ ಹೇಳಲಿಲ್ಲ. ಸತ್ತರೂ ಹೇಳುತ್ತಿರಲಿಲ್ಲ. ಆದರೆ ಡಿಪೋದಲ್ಲಿ ಇನ್ನೂ ಹತ್ತು ಜನಕ್ಕೆ ಕಣ್ಣಿದೆ, ಎಲ್ಲರ ಜೇಬಿನಲ್ಲೂ ಫೋನಿದೆ. ವಾರದೊಳಗೆ ಜೀಪು ಬಂತು. ಇಳಿದವನು ದುರ್ಬೀನು, ಹಿಂದೆ ಎಂಟು ಜನ. ಜೀಪಿನ ಹಿಂಭಾಗದಿಂದ ನನ್ನ ಹೆಂಡತಿ ಕೆಟಲ್ಲು, ಮೊಟ್ಟೆಯ ಬುಟ್ಟಿ ಇಳಿಸಿಕೊಂಡಳು. ಗಿರಾಕಿ ಹೋದಲ್ಲಿಗೆ ಅಂಗಡಿ ಹೋಗಬೇಕಲ್ಲ.

ಡಿಪೋದ ಯಜಮಾನ ಗಟ್ಟಿ ಆಸಾಮಿ. ಹಕ್ಕಿಗಾಗಿ ಒಂದು ನಿಮಿಷವೂ ಗರಗಸ ನಿಲ್ಲುವುದಿಲ್ಲ, ಬೇಕಾದರೆ ಟಿಕೆಟ್ ಕೊಟ್ಟು ಒಳಗೆ ಬನ್ನಿ ಎಂದುಬಿಟ್ಟಿದ್ದ. ದುರ್ಬೀನು ಎರಡು ದಿನ ಮೂಲೆಯಲ್ಲಿ ಕೂತು ಅದೇನೇನೋ ಬರೆದುಕೊಂಡ. ಮೂರನೇ ದಿನ ಅತಿಥಿಗಳಿಗೆ ವಿವರಿಸುವುದು ನನ್ನ ಕಿವಿಗೆ ಬಿತ್ತು.

"ಇದಕ್ಕೆ ನಾನು ಗರಗಸದ ಹಕ್ಕಿ ಅಂತ ಹೆಸರಿಟ್ಟಿದೀನಿ. ಗರಗಸದ ಸದ್ದು ಅಂದ್ರೆ ಇದಕ್ಕೆ ಪ್ರಾಣ. ಸದ್ದು ಕೇಳಿದ ತಕ್ಷಣ ಕೆಳಗೆ ಇಳಿಯತ್ತೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಕಂಡುಹಿಡಿದಿದ್ದು."

ಆಮೇಲೆ ನನ್ನ ಹತ್ತಿರ ಬಂದ. ಹಳೆಯದೆಲ್ಲ ಮರೆತವನ ಹಾಗೆ ಹೆಗಲ ಮೇಲೆ ಕೈ ಇಟ್ಟ. "ಒಂದು ಐದು ನಿಮಿಷ ಗರಗಸ ಓಡ್ಸು. ಮರ ಹಾಕ್ಬೇಡ, ಹೊಟ್ಟು ಹಾರಿ ಲೆನ್ಸಿಗೆ ಬೀಳತ್ತೆ. ಖಾಲಿ ಓಡ್ಸು."

"ಖಾಲಿ ಓಡ್ಸಿದ್ರೆ ಅದಕ್ಕೇನು ಸಿಗತ್ತೆ?"

"ಸದ್ದು ಸಾಕು."

ಯಜಮಾನನ ಕಡೆ ನೋಡಿದೆ. ಅವನು ಟಿಕೆಟ್ ಪುಸ್ತಕ ಹಿಡಿದುಕೊಂಡು, ಓಡಿಸು ಎಂದು ತಲೆ ಆಡಿಸಿದ. ಹೋದ ವರ್ಷ ಮರ ಇತ್ತು, ಓಡಿಸಬೇಡ ಎಂದರು. ಈ ವರ್ಷ ಓಡಿಸು ಎನ್ನುತ್ತಾರೆ, ಮರ ಬೇಡವಂತೆ. ಕೂಲಿಯವನು ನಾನು, ಸ್ವಿಚ್ಚು ಒತ್ತಿದೆ. ಮೂವತ್ತು ವರ್ಷದಲ್ಲಿ ಮರವಿಲ್ಲದೆ ಗರಗಸ ತಿರುಗಿಸಿದ್ದು ಅದೇ ಮೊದಲು. ಮೈಯೆಲ್ಲ ಉರಿಯಿತು.

ಹಕ್ಕಿ ಜಂತಿಗೆ ಬಂತು. ನಾನು ನಿಲ್ಲಿಸಿದೆ, ಅದು ಮೇಜಿಗೆ ಇಳಿಯಿತು. ಎಂಟು ಕ್ಯಾಮೆರಾ ಒಟ್ಟಿಗೆ ಟಕಟಕ ಎಂದವು. ಹಕ್ಕಿ ಆ ತುದಿಯಿಂದ ಈ ತುದಿಗೆ ಕುಪ್ಪಳಿಸಿತು, ಗರಗಸದ ಹಲ್ಲಿನ ಹತ್ತಿರ ನಿಂತಿತು, ತಲೆ ವಾಲಿಸಿ ನನ್ನನ್ನು ನೋಡಿತು. ತೂತಿನಲ್ಲಿ ಮರಿಗಳು ಕೂಗುತ್ತಿದ್ದವು. ಹಕ್ಕಿ ಬರಿಗೊಕ್ಕಿನಲ್ಲಿ ಹಾರಿಹೋಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

"ಇನ್ನೊಂದು ಸಲ!" ಎಂದ ದುರ್ಬೀನು.

ನಾನು ಬಾಗಿ, ರಾಶಿಯಿಂದ ನನ್ನದೇ ತೊಲೆಯೊಂದನ್ನು ಎಳೆದು ಮೇಜಿನ ಮೇಲೆ ಹಾಕಿ ಗರಗಸಕ್ಕೆ ತಳ್ಳಿದೆ. ಹೊಟ್ಟು ಮೋಡದ ಹಾಗೆ ಎದ್ದಿತು. ಲೆನ್ಸು ಮುಚ್ಚಿಕೊಂಡು, ಕೆಮ್ಮುತ್ತ, ಬೈಯುತ್ತ ಎಲ್ಲರೂ ಬಾಗಿಲ ಕಡೆ ಓಡಿದರು. ಯಜಮಾನ ಇವತ್ತಿನ ಕೂಲಿ ಕಟ್ ಎಂದು ಕೂಗಿದ. ತೊಲೆ ಪೂರ್ತಿ ಸೀಳಿದ ಮೇಲೆ ನಿಲ್ಲಿಸಿದೆ. ಹಕ್ಕಿ ಕೆಳಗಿಳಿದು ಒಂದು ಬಿಳಿ ಹುಳ ಕಚ್ಚಿಕೊಂಡು ಹೋಯಿತು. ತಿರುಗಿ ಬಂತು, ಇನ್ನೊಂದು. ತಿರುಗಿ ಬಂತು, ಮತ್ತೊಂದು. ಮರಿಗಳ ಕೂಗು ಒಂದೊಂದಾಗಿ ಅಡಗಿತು.

ಅದನ್ನು ನೋಡಲು ಒಳಗೆ ಉಳಿದಿದ್ದವಳು ನನ್ನ ಹೆಂಡತಿ ಒಬ್ಬಳೇ. ಖಾಲಿ ಲೋಟ ಆರಿಸಿಕೊಳ್ಳಲು ಬಂದವಳು ತಲೆ ತುಂಬ ಹೊಟ್ಟು ಹೊತ್ತು ನಿಂತಿದ್ದಳು.

"ಹುಳಕ್ಕೇ ಬರೋದಾ ಅದು?" ಎಂದಳು.

"ಎಷ್ಟು ಸಲ ಹೇಳಿದೀನಿ ನಿಂಗೆ!"

"ಹೇಳಿದ್ರಿ. ಕೇಳಿಸ್ಕೊಂಡಿದ್ದೆ. ನಿಮ್ಮದು ಬರೀ ಕೋಪದ ಮಾತು ಅಂದ್ಕೊಂಡು ನಂಬಿರ್ಲಿಲ್ಲ." ಅವಳು ಕೈಯಲ್ಲಿದ್ದ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಲೇ ಇದ್ದಳು. "ಹಾಗಾದ್ರೆ ಹೋದ ವರ್ಷ ನಮ್ಮ ಷೆಡ್ಡಲ್ಲಿ..."

ಒಂದು ವರ್ಷದಿಂದ ಯಾರಾದರೂ ಒಬ್ಬರು ಇದನ್ನು ಕೇಳಲಿ ಎಂದು ಕಾದಿದ್ದೆ. ಕೇಳಿದರೆ ಏನೇನು ಹೇಳಬೇಕು, ಎಷ್ಟು ಜೋರಾಗಿ ಹೇಳಬೇಕು ಎಂದೆಲ್ಲ ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡಿದ್ದೆ. ಈಗ ಅದನ್ನೆಲ್ಲ ಬಿಟ್ಟು ರಾಶಿಯ ಕಡೆ ತಿರುಗಿದೆ. ಹೊರಗೆ ಯಜಮಾನ ಇನ್ನೂ ಬೈಯುತ್ತಿದ್ದ.

ರಾಶಿಯಲ್ಲಿ ನನ್ನ ತೊಲೆಗಳು ಇನ್ನು ಮೂರೇ ಉಳಿದಿದ್ದವು. ಅವಳು ಲೋಟಗಳನ್ನು ನೆಲದ ಮೇಲಿಟ್ಟು ಒಂದು ತೊಲೆಯ ತುದಿ ಹಿಡಿದಳು. ನಾನು ಇನ್ನೊಂದು ತುದಿ ಹಿಡಿದೆ.